ಒಂಬತ್ತೂ ಗೆದ್ದರು, ಕರೆ ಬರಲಿಲ್ಲ: 1951ರ ಒಂದು ಕಾಲೇಜು ಫುಟ್‌ಬಾಲ್ ತಂಡದ ಪ್ರಕರಣ

ಈ ಪ್ರಕರಣದ ಕಾಲೇಜಿನ ಹೆಸರನ್ನಾಗಲೀ ಆಟಗಾರರ ಹೆಸರನ್ನಾಗಲೀ ನಾನು ಬರೆದಿಲ್ಲ. ಗುಟ್ಟು ಅಂತಲ್ಲ. ಕೆಳಗಿನ ಅಂಕಿಗಳನ್ನು ಹಿಡಿದು ಹುಡುಕಿದರೆ ಹತ್ತು ನಿಮಿಷದಲ್ಲಿ ಎಲ್ಲ ಸಿಗುತ್ತದೆ. ಆದರೆ ಹೆಸರು ಬಂದ ಕೂಡಲೇ ಓದುಗರ ಕಣ್ಣು ಆ ಮನುಷ್ಯರು ಮುಂದೆ ಪಡೆದ ಕೀರ್ತಿಯ ಕಡೆ ಹೊರಳಿಬಿಡುತ್ತದೆ. ‘ಅಂಥವರು ಹಾಗೆ ನಡೆದುಕೊಂಡದ್ದರಲ್ಲಿ ಆಶ್ಚರ್ಯವೇನು’ ಅನ್ನಿಸಿ ಪ್ರಕರಣದ ಕಾವೇ ಆರಿಹೋಗುತ್ತದೆ. 1951ರ ನವೆಂಬರ್‌ನಲ್ಲಿ ಅವರು ಇಪ್ಪತ್ತರ ಆಸುಪಾಸಿನ ಹುಡುಗರು, ಮುಂದೇನಾಗುತ್ತದೆಂಬ ಸುಳಿವಿಲ್ಲದವರು. ಅವರನ್ನು ಹಾಗೆಯೇ ನೋಡೋಣ. ಇಲ್ಲಿ ಒಬ್ಬ ಓಟಗಾರನಿದ್ದಾನೆ, ಒಬ್ಬ ಲೈನ್‌ಬ್ಯಾಕರ್ (ರಕ್ಷಣೆಯ ಮುಂದಿನ ಸಾಲಿನ ಹಿಂದೆ ನಿಂತು ಎದುರಾಳಿಯನ್ನು ಕೆಡವುವವನು) ಇದ್ದಾನೆ, ಒಬ್ಬ ಕೋಚ್, ಒಬ್ಬ ಪ್ರಚಾರ ನೋಡಿಕೊಳ್ಳುವ ಯುವಕ. ಇಷ್ಟು ಸಾಕು.

ಹಿನ್ನೆಲೆ

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಗುಡ್ಡದ ಮೇಲೊಂದು ಜೆಸ್ವಿಟ್ ಪಾದ್ರಿಗಳ ಕಾಲೇಜು. ಅದರ ಫುಟ್‌ಬಾಲ್ ತಂಡ ಆಡುತ್ತಿದ್ದುದು ಹತ್ತಿರದ ಕೀಜರ್ ಕ್ರೀಡಾಂಗಣದಲ್ಲಿ. ಇಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ನಮ್ಮ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರು ಸಾಲನ್ನು ಭೇದಿಸಿ, ಗಜಗಜವಾಗಿ ನೆಲ ಗೆಲ್ಲುತ್ತಾ ಹೋಗುವ ಅಮೆರಿಕದ ಆಟ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಈ ಆಟಕ್ಕೆ ಕಾಲೇಜುಗಳಲ್ಲಿ ಭಾರಿ ಸುಗ್ಗಿ. 1944ರ ಜಿಐ ಬಿಲ್ ಕಾನೂನಿನ ಪ್ರಕಾರ ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಕೊಡುತ್ತಿತ್ತು. ಹಾಗಾಗಿ ಹದಿನೆಂಟರ ಹುಡುಗರ ಪಕ್ಕದಲ್ಲಿ ಕಂದಕದಲ್ಲಿ ಮಲಗಿ ಎದ್ದುಬಂದ ಗಂಡಸರು ಕೂತು ಪಾಠ ಕೇಳುತ್ತಿದ್ದರು, ಸಂಜೆ ಮೈದಾನದಲ್ಲಿ ಒಟ್ಟಿಗೇ ಮಣ್ಣು ಮೆತ್ತಿಕೊಳ್ಳುತ್ತಿದ್ದರು. ನಮ್ಮ ತಂಡದ ಟ್ಯಾಕಲ್ ಆಟಗಾರರಲ್ಲೊಬ್ಬ (ಮುಂದಿನ ಸಾಲಿನಲ್ಲಿ ಎದುರಾಳಿಯೊಡನೆ ಸೆಣಸುವ ಸ್ಥಾನ ಅದು) ಎರಡನೇ ಮಹಾಯುದ್ಧದ ಬಲ್ಜ್ ಕಾಳಗದಲ್ಲಿ ಹೋರಾಡಿ ಬಂದವನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂಡದಲ್ಲಿ ಇಬ್ಬರು ಕಪ್ಪು ಆಟಗಾರರಿದ್ದರು. ಓಟಗಾರ ಟೆಕ್ಸಸ್‌ನಲ್ಲಿ ಹುಟ್ಟಿದವನು, ಲೈನ್‌ಬ್ಯಾಕರ್ ಟೆನ್ನೆಸ್ಸಿಯ ಮೆಂಫಿಸ್‌ನವನು. ಇಬ್ಬರದೂ ದಕ್ಷಿಣದ ಬೇರು. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಮೊದಲು ನಗರದ ಸಿಟಿ ಕಾಲೇಜಿನಲ್ಲಿ ಒಟ್ಟಿಗೆ ಆಡಿ, ಆಮೇಲೆ ಗುಡ್ಡದ ಕಾಲೇಜಿಗೆ ಸೇರಿದವರು. ಕೋಚ್ 1948ರಿಂದ ಇದ್ದರು. ಕಟ್ಟುನಿಟ್ಟಿನ ಮನುಷ್ಯ. 1951ರ ಋತುವಿಗೆ ಮುಂಚೆ ಹುಡುಗರನ್ನೆಲ್ಲ ಉತ್ತರ ಕ್ಯಾಲಿಫೋರ್ನಿಯಾದ ಕಾರ್ನಿಂಗ್ ಎಂಬ ಆಲಿವ್ ತೋಟಗಳ ಊರಿಗೆ ಕರೆದುಕೊಂಡು ಹೋಗಿ ಬೇಸಿಗೆಯ ಸುಡುಬಿಸಿಲಲ್ಲಿ ಬೆವರಿಳಿಸಿದರು. ಒಂದೇ ಕಡೆ ಉಂಡು, ಮಲಗಿ, ಒಬ್ಬರನ್ನೊಬ್ಬರು ಬೈದುಕೊಂಡು ಕಳೆದ ದಿನಗಳು.

ಇನ್ನು ಹಣದ ವಿಷಯ. ಇದೇ ಪ್ರಕರಣದ ಅರ್ಧ ಭಾಗ, ಆದರೆ ಹೇಳುವವರು ಸಾಮಾನ್ಯವಾಗಿ ಇದನ್ನು ಹಾರಿಸಿಬಿಡುತ್ತಾರೆ. ಗುಡ್ಡದ ಕಾಲೇಜಿಗೆ ಫುಟ್‌ಬಾಲ್ ಲಾಭದ ಬಾಬತ್ತಾಗಿರಲಿಲ್ಲ. ಕೀಜರ್ ಕ್ರೀಡಾಂಗಣದಲ್ಲಿ 1946ರಿಂದ ನಗರದ ಹೊಸ ವೃತ್ತಿಪರ ತಂಡ ‘ಫಾರ್ಟಿನೈನರ್ಸ್’ ಕೂಡ ಆಡುತ್ತಿತ್ತು, 1950ರಲ್ಲಿ ಅದು ದೇಶದ ಮುಖ್ಯ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೇ ಸೇರಿಕೊಂಡಿತು. ಕೊಲ್ಲಿಯ ಆಚೀಚೆ ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ಎಂಬ ಎರಡು ದೊಡ್ಡ ಮನೆಗಳು. ಟಿಕೆಟ್ ಕೊಳ್ಳುವ ಜೇಬು ಒಂದೇ, ಕೈಚಾಚುವವರು ನಾಲ್ಕು ಮಂದಿ. ಸಾಲದೆಂಬಂತೆ ಆಗಿನ ನಿಯಮದಲ್ಲಿ ಆಟಗಾರರನ್ನು ಎಷ್ಟು ಬಾರಿಯಾದರೂ ಬದಲಾಯಿಸಬಹುದಿತ್ತು. ದೊಡ್ಡ ವಿಶ್ವವಿದ್ಯಾಲಯಗಳು ದಾಳಿಗೊಂದು ಪಡೆ, ರಕ್ಷಣೆಗೊಂದು ಪಡೆ ಅಂತ ಎರಡೆರಡು ತಂಡ ಸಾಕುತ್ತಿದ್ದವು. ಸಣ್ಣ ಕಾಲೇಜು ಅಷ್ಟು ಮಂದಿಗೆ ಊಟ, ಬೂಟು, ವಿದ್ಯಾರ್ಥಿವೇತನ ಎಲ್ಲಿಂದ ತಂದೀತು? ನಮ್ಮ ಓಟಗಾರ ದಾಳಿಯಲ್ಲೂ ಇದ್ದ, ರಕ್ಷಣೆಯಲ್ಲೂ ಇದ್ದ. ಆ ನಿಯಮವನ್ನು 1953ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಈ ಕಾಲೇಜಿಗೆ ಅದು ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿ.

ಸಮಸ್ಯೆ: ಕರೆದರೆ ಮಾತ್ರ ಹೋಗಬಹುದಾದ ಮನೆ

ಆಗ ಕಾಲೇಜು ಫುಟ್‌ಬಾಲ್‌ನಲ್ಲಿ ಸೆಮಿಫೈನಲ್ ಇಲ್ಲ, ಫೈನಲ್ ಇಲ್ಲ. ಋತು ಮುಗಿದ ಮೇಲೆ ಹೊಸ ವರ್ಷದ ಹೊತ್ತಿಗೆ ‘ಬೌಲ್’ ಎಂಬ ಆಹ್ವಾನ ಪಂದ್ಯಗಳು ನಡೆಯುತ್ತಿದ್ದವು. ನಡೆಸುತ್ತಿದ್ದುದು ಆಯಾ ಊರಿನ ಗಣ್ಯರ, ವ್ಯಾಪಾರಸ್ಥರ ಸಮಿತಿ. ಚಳಿಗಾಲದಲ್ಲಿ ಪ್ರವಾಸಿಗರು ಬರಬೇಕು, ಹೋಟೆಲ್ ತುಂಬಬೇಕು, ಊರಿನ ಹೆಸರು ಪತ್ರಿಕೆಯಲ್ಲಿ ಬರಬೇಕು ಎಂಬುದು ಅವರ ಲೆಕ್ಕ. ಆಡಿದ ಕಾಲೇಜಿಗೆ ಗೇಟಿನ ಹಣದಲ್ಲಿ ಪಾಲು. ಅಂದರೆ ಎಷ್ಟು ಗೆದ್ದರೂ ಹಕ್ಕು ಅಂತ ಏನೂ ಹುಟ್ಟುತ್ತಿರಲಿಲ್ಲ. ಸಮಿತಿ ಕರೆಯಬೇಕು, ಅಷ್ಟೇ.

ಹಾಗಾದರೆ ಯಾವ ಬಾಗಿಲು ತಟ್ಟುವುದು? ಮನೆಯಂಗಳದಲ್ಲೇ ಇದ್ದದ್ದು ಕ್ಯಾಲಿಫೋರ್ನಿಯಾದ್ದೇ ಆದ ಪಾಸಡೇನಾದ ರೋಸ್ ಬೌಲ್. ಆದರೆ 1947ರ ಪಂದ್ಯದಿಂದ ಅದಕ್ಕೆ ಒಪ್ಪಂದದ ಬೀಗ ಬಿದ್ದಿತ್ತು: ಒಂದು ಕಡೆ ಪಶ್ಚಿಮ ತೀರದ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ ಒಕ್ಕೂಟದ ತಂಡ, ಇನ್ನೊಂದು ಕಡೆ ಮಧ್ಯಪಶ್ಚಿಮದ ಬಿಗ್ ನೈನ್ ಒಕ್ಕೂಟದ ತಂಡ. ಯಾವ ಒಕ್ಕೂಟಕ್ಕೂ ಸೇರದ ಗುಡ್ಡದ ಕಾಲೇಜಿಗೆ ಅಲ್ಲಿ ಜಾಗವಿಲ್ಲ. ಉಳಿದ ದೊಡ್ಡ ಬೌಲ್‌ಗಳನ್ನು ಎಣಿಸಿ: ಮಯಾಮಿಯ ಆರೆಂಜ್, ನ್ಯೂ ಆರ್ಲಿಯನ್ಸ್‌ನ ಶುಗರ್, ಡಾಲಸ್‌ನ ಕಾಟನ್, ಜ್ಯಾಕ್ಸನ್‌ವಿಲ್‌ನ ಗೇಟರ್, ಎಲ್ ಪಾಸೋದ ಸನ್. ಎಲ್ಲವೂ ದಕ್ಷಿಣದಲ್ಲಿ. ಕಪ್ಪು ಜನರಿಗೆ ಬೇರೆ ನಲ್ಲಿ, ಬೇರೆ ಬಾಗಿಲು, ಬೇರೆ ಶಾಲೆ ಎಂದು ಕಾನೂನೇ ಹೇಳುತ್ತಿದ್ದ ಸೀಮೆ.

ಹೀಗಾಗಿ ಋತುವಿನ ಮೊದಲ ಚೆಂಡು ಒದೆಯುವ ಮುಂಚೆಯೇ ಸಮಸ್ಯೆಯ ಎಳೆಗಳು ಗಂಟು ಬಿದ್ದಿದ್ದವು. ಕಾಲೇಜಿಗೆ ಹಣ ಬೇಕು, ಹಣ ಬೌಲ್‌ನಲ್ಲಿದೆ, ಬೌಲ್ ದಕ್ಷಿಣದಲ್ಲಿದೆ, ತಂಡದ ಇಬ್ಬರು ಪ್ರಮುಖರು ಕಪ್ಪು. ಇದನ್ನು ಯಾರೂ ಜೋರಾಗಿ ಹೇಳಿರಲಿಕ್ಕಿಲ್ಲ.

ಇದಕ್ಕೆ ಹಿಂದಿನ ಉದಾಹರಣೆಗಳೂ ಇದ್ದವು. 1946ರಲ್ಲಿ ಪೆನ್ ಸ್ಟೇಟ್ ತಂಡ ತನ್ನ ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಮಯಾಮಿಗೆ ಹೋಗಲು ಒಪ್ಪದೆ ಪಂದ್ಯವೇ ರದ್ದಾಯಿತು. ಅದೇ ಕಾಲೇಜು 1948ರ ಜನವರಿ 1ರಂದು ಡಾಲಸ್‌ನ ಕಾಟನ್ ಬೌಲ್‌ನಲ್ಲಿ ಅವರಿಬ್ಬರನ್ನೂ ಆಡಿಸಿ ಅದೇ ಊರಿನ ಎಸ್‌ಎಂಯು ವಿಶ್ವವಿದ್ಯಾಲಯದ ವಿರುದ್ಧ 13–13ರ ಸಮ ಮಾಡಿಕೊಂಡು ಬಂತು. ತಂಡ ಉಳಿದುಕೊಂಡದ್ದು ಮಾತ್ರ ನಗರದ ಹೋಟೆಲಿನಲ್ಲಲ್ಲ, ಹೊರವಲಯದ ನೌಕಾಪಡೆಯ ವಿಮಾನ ನೆಲೆಯಲ್ಲಿ. ಆಡಲು ಬಿಟ್ಟರು, ಮಲಗಲು ಬಿಡಲಿಲ್ಲ.

ಏನು ಪ್ರಯತ್ನಿಸಿದರು

ಕೋಚ್ ಹಿಡಿದದ್ದು ಒಂದೇ ದಾರಿ. ಯಾರೂ ಕಡೆಗಣಿಸಲಾಗದಷ್ಟು ಚೆನ್ನಾಗಿ ಗೆಲ್ಲುವುದು. ಹಿಂದಿನ ವರ್ಷ ತಂಡ 7 ಗೆದ್ದು 4 ಸೋತಿತ್ತು. ಸೋಲುಗಳಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಎದುರಿನವೂ ಇದ್ದವು. 1951ರ ಪಂದ್ಯಗಳ ಪಟ್ಟಿಯಲ್ಲಿ ಆ ಎರಡೂ ಇರಲಿಲ್ಲ. ಪಟ್ಟಿ ತುಂಬುವುದೇ ಕಷ್ಟವಾಗಿತ್ತು ಅನ್ನುವುದಕ್ಕೆ ಇಷ್ಟು ಸಾಕು: ಸ್ಯಾನ್ ಹೋಸೆ ಸ್ಟೇಟ್ ಜೊತೆ ಒಂದೇ ಋತುವಿನಲ್ಲಿ ಎರಡು ಬಾರಿ ಆಡಬೇಕಾಯಿತು, ಒಂಬತ್ತು ಪಂದ್ಯಗಳಲ್ಲಿ ಎರಡು ಸೇನಾ ನೆಲೆಗಳ ತಂಡಗಳ ಎದುರು. ದುರ್ಬಲ ಪಟ್ಟಿ ಎಂದು ಯಾರಾದರೂ ಬೊಟ್ಟು ಮಾಡಿದರೆ ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಮೊದಲ ಪಂದ್ಯ 39–2. ಆಮೇಲೆ ತಂಡ ನಿಲ್ಲಲೇ ಇಲ್ಲ.

ಪಟ್ಟಿಯ ಕೊರತೆಯನ್ನು ತುಂಬಲು ಸಿಕ್ಕ ಅವಕಾಶ ನ್ಯೂಯಾರ್ಕ್ ಪ್ರವಾಸ. ಅಕ್ಟೋಬರ್ 20ರಂದು ಅಲ್ಲಿ ಫೋರ್ಡಮ್ ವಿರುದ್ಧ ಪಂದ್ಯ. ದೇಶದ ಕ್ರೀಡಾಪುಟ ಬರೆಯುವ ದೊಡ್ಡ ಕೈಗಳೆಲ್ಲ ಆ ಊರಿನಲ್ಲಿ. ಕಾಲೇಜಿನ ಪ್ರಚಾರದ ಯುವಕ ಚುರುಕು ಆಸಾಮಿ, ಪೂರ್ವದ ಪತ್ರಕರ್ತರ ಕಣ್ಣಿಗೆ ಬೀಳದ ತಂಡ ಇದ್ದೂ ಇಲ್ಲದಂತೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಓಟಗಾರ ಅವನ ಕೆಲಸ ಹಗುರ ಮಾಡಿದ. ಎದುರಾಳಿ ಒದ್ದ ಚೆಂಡನ್ನು ತನ್ನ ತುದಿಯಲ್ಲಿ ಹಿಡಿದು ಇಡೀ ಮೈದಾನ ದಾಟಿ ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದ. ಒಮ್ಮೆಯಲ್ಲ, ಅದೇ ಪಂದ್ಯದಲ್ಲಿ ಎರಡು ಬಾರಿ. 32–26. ಋತುವಿನಲ್ಲಿ ಕೂದಲೆಳೆಯಲ್ಲಿ ಗೆದ್ದದ್ದು ಇದೊಂದೇ.

ಅದೇ ಶನಿವಾರ ಒಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ಆಟಗಾರ ಜಾನಿ ಬ್ರೈಟ್, ಚೆಂಡು ತನ್ನ ಕೈಯಲ್ಲಿ ಇಲ್ಲದಿರುವಾಗಲೇ ಎದುರಾಳಿ ಆಟಗಾರನ ಹೊಡೆತಕ್ಕೆ ಸಿಕ್ಕಿ ದವಡೆ ಮುರಿದುಕೊಂಡ. ಡಿ ಮೋಯ್ನ್ ಪತ್ರಿಕೆಯ ಛಾಯಾಗ್ರಾಹಕರು ತೆಗೆದ ಚಿತ್ರಸರಣಿ ಅದನ್ನು ಕ್ಷಣಕ್ಷಣವಾಗಿ ತೋರಿಸಿತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಒಂದೇ ದಿನ, ಒಂದೇ ಆಟ. ನ್ಯೂಯಾರ್ಕ್‌ನಲ್ಲಿ ಒಬ್ಬನಿಗೆ ಚಪ್ಪಾಳೆ, ಸ್ಟಿಲ್‌ವಾಟರ್‌ನಲ್ಲಿ ಒಬ್ಬನಿಗೆ ಮುರಿದ ದವಡೆ. ಗುಡ್ಡದ ಕಾಲೇಜಿನ ಹುಡುಗರು ಮುಂದಿನ ತಿಂಗಳು ಎದುರಿಸಬೇಕಾದ ಪ್ರಶ್ನೆಯ ಅಂಚುಗಳು ಎಷ್ಟು ಹರಿತವಾಗಿದ್ದವು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ನವೆಂಬರ್ 17. ಸ್ಟಾಕ್‌ಟನ್‌ನಲ್ಲಿ ಕಾಲೇಜ್ ಆಫ್ ದ ಪೆಸಿಫಿಕ್ ವಿರುದ್ಧ ಪಂದ್ಯ. ಇಲ್ಲಿ ಗೆದ್ದವರಿಗೆ ಬೌಲ್ ಕರೆ ಬರುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಫಲಿತಾಂಶ 47–14. ಅದಾದ ವಾರಕ್ಕೆ ಲಯೋಲಾ ವಿರುದ್ಧ 20–2. ಒಂಬತ್ತಕ್ಕೆ ಒಂಬತ್ತು. ಈ ಕೊನೆಯ ಪಂದ್ಯ ನಡೆದದ್ದು ಎಲ್ಲಿ ಗೊತ್ತೇ? ಪಾಸಡೇನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ. ಹೊಸ ವರ್ಷದ ದಿನ ತಮಗೆ ಪ್ರವೇಶವಿಲ್ಲದ ಮೈದಾನದಲ್ಲಿ, ನವೆಂಬರ್ 24ರಂದು, ತಮ್ಮ ಕಾಲೇಜಿನ ಪರವಾಗಿ ಕೊನೆಯ ಆಟ ಆಡುತ್ತಿದ್ದೇವೆಂದು ತಿಳಿಯದೆ ಆಡಿದರು.

ಓಟಗಾರ ಆ ಋತುವಿನಲ್ಲಿ ಚೆಂಡು ಹಿಡಿದು ಓಡಿದ ದೂರ 1,566 ಗಜ. ದೇಶಕ್ಕೇ ಮೊದಲು. ಟಚ್‌ಡೌನ್ 21.

ತಿರುವು

ಷರತ್ತು ಬಂತು. ಕಾಗದದಲ್ಲಲ್ಲ, ಬಾಯಿಮಾತಿನಲ್ಲಿ. ಕರೆಯುತ್ತೇವೆ, ಆದರೆ ಆ ಇಬ್ಬರನ್ನು ಬಿಟ್ಟು ಬರಬೇಕು ಎಂಬುದು ಸಾರಾಂಶ. ಅದನ್ನು ತಂಡದ ಮುಂದೆ ಇಟ್ಟದ್ದು ಕೋಚ್.

ಯಾವ ಬೌಲ್ ಎಂಬ ವಿಷಯದಲ್ಲೇ ಆಟಗಾರರ ನೆನಪುಗಳು ಒಂದೇ ಥರ ಇಲ್ಲ. ಕೆಲವರು ಆರೆಂಜ್ ಅಂದರು, ಕೆಲವರು ಗೇಟರ್ ಅಂದರು, ಶುಗರ್ ಹೆಸರೂ ಬಂತು. ಇದನ್ನು ಪ್ರಕರಣದ ದೌರ್ಬಲ್ಯ ಎಂದು ಕೆಲವರು ನೋಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಥ ಷರತ್ತು ಹಾಕುವವರು ಬರೆದುಕೊಡುವುದಿಲ್ಲ. ಬರೆದರೆ ಅದು ದಾಖಲೆ, ನಾಳೆ ಯಾರಾದರೂ ಹಿಡಿದು ಕೇಳಬಹುದು. ಮಧ್ಯವರ್ತಿಯ ಕಿವಿಮಾತಾದರೆ ಬೇಕೆಂದಾಗ ‘ನಾವೆಲ್ಲಿ ಹಾಗಂದೆವು’ ಎನ್ನಬಹುದು. ಹೊರಗೆ ಓಡಾಡಿದ ಕಾರಣ ಬೇರೆಯೇ: ಪಟ್ಟಿ ದುರ್ಬಲವಾಗಿತ್ತು. ಸ್ಯಾನ್ ಹೋಸೆ ಎರಡು ಸಲ, ಸೇನಾ ನೆಲೆಯ ತಂಡ ಎರಡು. ಅರ್ಧ ನಿಜವಾದ ಕಾರಣಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಋತುವಿನ ಕೊನೆಗೆ ಕೊಟ್ಟ ತಂಡಗಳ ಶ್ರೇಯಾಂಕದಲ್ಲೂ ಈ ತಂಡಕ್ಕೆ ಸಿಕ್ಕಿದ್ದು 14ನೇ ಸ್ಥಾನ.

ತಂಡದ ಉತ್ತರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬರುವುದಿಲ್ಲ. ದೀರ್ಘ ವಾದ ನಡೆಯಲಿಲ್ಲ, ಎರಡು ಬಣವಾಗಲಿಲ್ಲ. ಉಳಿದ ವಿವರ ಹೇಳುವವರಿಂದ ಹೇಳುವವರಿಗೆ ಬದಲಾದರೂ ಈ ಒಂದು ಅಂಶ ಬದಲಾಗುವುದಿಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಿರಾಕರಣೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕಿಂತ ‘ಬೇಡ’ ಎಂದು ಮೊದಲು ಅಂದವರು ಯಾರು ಎಂಬುದೇ ಈ ಪ್ರಕರಣದ ತಿರುಳು ಎಂದು ನನ್ನ ಎಣಿಕೆ. ಇದು ಅರ್ಥವಾಗಲು ಇನ್ನೊಂದು ತಂಡದ ಕಡೆ ನೋಡಬೇಕು. 1948ರ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಲಫಯೆಟ್ ಕಾಲೇಜಿಗೆ ಸನ್ ಬೌಲ್ ಕರೆ ಬಂದಿತ್ತು. ಅವರ ತಂಡದಲ್ಲೊಬ್ಬ ಕಪ್ಪು ಆಟಗಾರನಿದ್ದ, ಯುದ್ಧದಲ್ಲಿ ಸೇವೆ ಮಾಡಿ ಬಂದವನು. ಅವನೇ ಮುಂದಾಗಿ, ನನ್ನನ್ನು ಬಿಟ್ಟು ನೀವು ಹೋಗಿ ಎಂದುಬಿಟ್ಟ. ತಂಡ ಹೋಗುವುದೆಂದು ತೀರ್ಮಾನಿಸಿತು. ಕೊನೆಗೆ ಬೇಡವೆಂದವರು ಅಧ್ಯಾಪಕರು. ಕಾರಣ ಸ್ಪಷ್ಟವಾಗದೆ ವಿದ್ಯಾರ್ಥಿಗಳು ಕಾಲೇಜಿನ ಅಧ್ಯಕ್ಷರ ಮನೆಗೆ ಮೆರವಣಿಗೆ ಹೋದರು. ಆ ಆಟಗಾರನನ್ನೂ ಕರೆತರಬಹುದೇ ಎಂದು ಸನ್ ಬೌಲ್‌ನವರನ್ನು ಕೇಳಿದಾಗ ಸಿಕ್ಕ ಉತ್ತರ ಇಲ್ಲ ಎಂದೇ.

ಆ ಹುಡುಗನ ಜಾಗದಲ್ಲಿ ನಿಂತು ನೋಡಿ. ಜೊತೆಗಾರರೆಲ್ಲ ಜೀವಮಾನದಲ್ಲಿ ಒಮ್ಮೆ ಸಿಗುವ ಪ್ರವಾಸಕ್ಕೆ ಪೆಟ್ಟಿಗೆ ಕಟ್ಟಲು ಕಾದು ಕೂತಿದ್ದಾರೆ, ಅಡ್ಡಿ ತಾನೊಬ್ಬನೇ. ಅಂಥವನು ಇನ್ನೇನು ಹೇಳಿಯಾನು? ಅವನ ‘ಹೋಗಿ’ ಎಂಬ ಮಾತನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯುವುದು ಸರಿಯಲ್ಲ. ತೂಕವನ್ನೆಲ್ಲ ಯಾರ ಹೆಗಲ ಮೇಲೆ ಇಟ್ಟಿದ್ದಾರೋ ಅವನನ್ನೇ ‘ಭಾರವಾಯಿತೇ’ ಎಂದು ಕೇಳಿದಂತೆ.

ಗುಡ್ಡದ ಕಾಲೇಜಿನಲ್ಲಿ ಓಟಗಾರನೂ ಲೈನ್‌ಬ್ಯಾಕರನೂ ಆ ಉದಾರತೆ ತೋರಿಸಬೇಕಾದ ಪ್ರಸಂಗವೇ ಬರಲಿಲ್ಲ. ಉಳಿದವರು ಮೊದಲೇ ಬಾಗಿಲು ಹಾಕಿದರು. ಅವರಲ್ಲಿ ಯುದ್ಧ ಕಂಡವನಿದ್ದ, ಕಾರ್ನಿಂಗ್ ಬಿಸಿಲಲ್ಲಿ ಜೊತೆಗೆ ಬೆಂದವರಿದ್ದರು. ಉತ್ತರ ಬೇಗ ಬಂದದ್ದಕ್ಕೆ ನನಗೆ ತೋಚುವ ಕಾರಣ ಇದು: ಆ ಕೋಣೆಯಲ್ಲಿ ಅವರು ಹೊಸದಾಗಿ ಏನನ್ನೂ ತೀರ್ಮಾನಿಸಲಿಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಸ್ವಲ್ಪಸ್ವಲ್ಪವಾಗಿ ತೀರ್ಮಾನವಾಗಿದ್ದನ್ನು ಬಾಯಿಬಿಟ್ಟು ಹೇಳಿದರು.

ಕೋಚ್ ಬಗ್ಗೆಯೂ ಒಂದು ಮಾತು. ಅವರು ಷರತ್ತನ್ನು ಮುಚ್ಚಿಟ್ಟು, ಕರೆ ಬರಲಿಲ್ಲ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಅಥವಾ ಆ ಇಬ್ಬರನ್ನು ಪಕ್ಕಕ್ಕೆ ಕರೆದು ಮಾತಾಡಬಹುದಿತ್ತು, ಲಫಯೆಟ್ ಥರದ ಉತ್ತರವೇ ಸಿಗುತ್ತಿತ್ತೋ ಏನೋ. ಎಲ್ಲರ ಮುಂದೆ ಇಟ್ಟದ್ದರಿಂದ ಹೊರೆ ಹಂಚಿಹೋಯಿತು. ಇಡೀ ಪ್ರಕರಣದಲ್ಲಿ ತಂಡ ನಡೆಸುವವರು ಕಣ್ಣಿಟ್ಟು ನೋಡಬೇಕಾದ ನಡೆ ಇದು. ಯಾರೂ ಇದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ, ಏಕೆಂದರೆ ಕಣ್ಣಿಗೆ ಹೊಡೆಯುವಂಥದ್ದು ಇದರಲ್ಲಿ ಏನೂ ಇಲ್ಲ.

ಏನಾಯಿತು

1952ರ ಜನವರಿ 1ರಂದು ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಟೆಕ್, ಬೇಲರ್ ತಂಡವನ್ನು 17–14ರಿಂದ ಸೋಲಿಸಿತು. ಶುಗರ್ ಬೌಲ್‌ನಲ್ಲಿ ಮೇರಿಲ್ಯಾಂಡ್, ದೇಶದ ಮೊದಲ ಸ್ಥಾನದ ಟೆನ್ನೆಸ್ಸಿಯನ್ನು 28–13ರಿಂದ ಮಣಿಸಿತು. ಗೇಟರ್ ಬೌಲ್ ಮಯಾಮಿ ವಿಶ್ವವಿದ್ಯಾಲಯದ ಪಾಲಾಯಿತು. ಒಂಬತ್ತೂ ಗೆದ್ದವರು ಮನೆಯಲ್ಲಿದ್ದರು. ನಿರಾಕರಣೆ ಆಗ ದೊಡ್ಡ ಸುದ್ದಿಯೂ ಆಗಲಿಲ್ಲ.

ಅಷ್ಟರಲ್ಲಿ ಕಾಲೇಜು ಲೆಕ್ಕಪುಸ್ತಕ ತೆರೆದಿತ್ತು. ಡಿಸೆಂಬರ್ ಮುಗಿಯುವ ಮುನ್ನವೇ, ಫುಟ್‌ಬಾಲ್ ನಿಲ್ಲಿಸುತ್ತೇವೆ ಎಂದು ಪ್ರಕಟಿಸಿತು. ದೇಶದಲ್ಲಿ ಸೋಲದೆ ಋತು ಮುಗಿಸಿದ ಬೆರಳೆಣಿಕೆಯ ತಂಡಗಳಲ್ಲೊಂದು, ಋತು ಮುಗಿದ ಐದೇ ವಾರದಲ್ಲಿ ಇಲ್ಲವಾಯಿತು. ಕೋಚ್ ವೃತ್ತಿಪರ ತಂಡಕ್ಕೆ ಹೋದರು. ಓದು ಬಾಕಿಯಿದ್ದವರು ಬೇರೆ ಕಾಲೇಜು ಹುಡುಕಿಕೊಂಡರು. ಟ್ಯಾಕಲ್ ಆಡುತ್ತಿದ್ದ ಒಬ್ಬ ಬಿಳಿಯ ಹುಡುಗ ಕೊನೆಯ ವರ್ಷ ಆಡಲು ಒಕ್ಲಹೋಮಾದ ಟಲ್ಸಾಗೆ ಹೋದ. ಜಾನಿ ಬ್ರೈಟ್‌ನ ದವಡೆ ಮುರಿದ ರಾಜ್ಯ ಅದು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲೊಂದು ಗೆರೆ ಎಳೆಯುತ್ತಾರೆ: ಬೌಲ್ ಬಿಟ್ಟರು, ಹಣ ಬರಲಿಲ್ಲ, ಅದಕ್ಕೇ ಫುಟ್‌ಬಾಲ್ ನಿಂತಿತು. ಕೇಳಲು ಚೆಂದ, ತ್ಯಾಗದ ತೂಕ ಹೆಚ್ಚುತ್ತದೆ. ಆದರೆ ನೆರೆಹೊರೆ ನೋಡಿ. ಹತ್ತಿರದ ಸೇಂಟ್ ಮೇರಿಸ್ 1950ರ ಋತುವಿನ ನಂತರವೇ ಫುಟ್‌ಬಾಲ್ ಬಿಟ್ಟಿತ್ತು. ಲಾಸ್ ಏಂಜಲಿಸ್‌ನ ಲಯೋಲಾ 1951ರ ನಂತರ ಬಿಟ್ಟಿತು. ಸಾಂಟಾ ಕ್ಲಾರಾ 1952ರ ನಂತರ. ಎಲ್ಲವೂ ಕ್ಯಾಥೊಲಿಕ್ ಕಾಲೇಜುಗಳು, ಎಲ್ಲವೂ ಸಣ್ಣವು, ಅವು ಆಟ ಬಿಟ್ಟದ್ದು ಬೌಲ್ ಷರತ್ತಿನಿಂದಲ್ಲ. ವೃತ್ತಿಪರ ತಂಡಗಳು, ಎರಡು ಪಡೆಗಳ ಖರ್ಚು, ಟಿವಿ ಮುಂದೆ ಕೂರಲು ಶುರುವಾದ ಪ್ರೇಕ್ಷಕರು, ಎಲ್ಲ ಸೇರಿ ಆ ತೀರದ ಸಣ್ಣ ಕಾಲೇಜುಗಳ ಫುಟ್‌ಬಾಲನ್ನು ನುಂಗುತ್ತಿದ್ದವು. ಒಂದು ಬೌಲ್‌ನ ಪಾಲು ಬಂದಿದ್ದರೆ ಗುಡ್ಡದ ಕಾಲೇಜು ಒಂದೆರಡು ವರ್ಷ ಹೆಚ್ಚು ಉಸಿರಾಡುತ್ತಿತ್ತೇನೋ. ಹುಡುಗರ ‘ಬೇಡ’ ಎಂಬ ಮಾತು ತಂಡವನ್ನು ಕೊಂದಿತು ಎಂದರೆ ಅವರ ಮೇಲೆ ಇಲ್ಲದ ಹೊಣೆ ಹೊರಿಸಿದಂತಾಗುತ್ತದೆ. ಹಾಗೆಂದು ಅವರು ಏನನ್ನೂ ಕಳೆದುಕೊಳ್ಳಲಿಲ್ಲ ಎಂದಲ್ಲ. ಆ ವಯಸ್ಸಿನ ಆಟಗಾರನಿಗೆ ಜನವರಿ 1ರ ಒಂದು ಪಂದ್ಯ ಎಂದರೆ ಏನು ಎಂಬುದನ್ನು ಲೆಕ್ಕಪುಸ್ತಕದಲ್ಲಿ ಬರೆಯುವ ಕಲಮು ಯಾವುದೂ ಇಲ್ಲ.

ಇನ್ನೊಂದು ಬದಿಯಿಂದ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಸ್ಟಾಕ್‌ಟನ್‌ನಲ್ಲಿ 47–14ರಿಂದ ಸೋತ ಪೆಸಿಫಿಕ್ ತಂಡ ನೆನಪಿದೆಯಲ್ಲ? ಅದಕ್ಕೆ ಬೌಲ್ ಕರೆ ಬಂತು. ಎಲ್ ಪಾಸೋದ ಸನ್ ಬೌಲ್‌ನಲ್ಲಿ ಆಡಿ ಟೆಕ್ಸಸ್ ಟೆಕ್ ಎದುರು 25–14ರಿಂದ ಸೋತಿತು. ಆ ತಂಡದಲ್ಲೂ ಒಬ್ಬ ಕಪ್ಪು ಆಟಗಾರನಿದ್ದ. ಅವನು ಅಲ್ಲಿ ಆಡಿದ. ಮೂರು ವರ್ಷದ ಹಿಂದೆ ಲಫಯೆಟ್‌ಗೆ ಇಲ್ಲ ಎಂದಿದ್ದ ಅದೇ ಸನ್ ಬೌಲ್, ಅದೇ ಟೆಕ್ಸಸ್!

ಅಂದರೆ ‘ದಕ್ಷಿಣ ಹಾಗೇ ಇತ್ತು, ಏನು ಮಾಡಲಾಗುತ್ತಿತ್ತು’ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ಗೋಡೆ ಒಂದೇ ಎತ್ತರಕ್ಕಿರಲಿಲ್ಲ. ಡಾಲಸ್ 1948ರಲ್ಲಿ ಒಂದು ಕಲ್ಲು ತೆಗೆದಿತ್ತು, ಎಲ್ ಪಾಸೋ 1952ರಲ್ಲಿ ಇನ್ನೊಂದು. ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್‌ನ ಬಾಬಿ ಗ್ರಿಯರ್ ಆಡಿದ್ದು 1956ರಲ್ಲಿ. ಎದುರಾಳಿ ಜಾರ್ಜಿಯಾ ಟೆಕ್ ಆಡಕೂಡದೆಂದು ಆ ರಾಜ್ಯದ ಗವರ್ನರ್ ತಡೆಯಲು ನೋಡಿದಾಗ ಟೆಕ್ ವಿದ್ಯಾರ್ಥಿಗಳೇ ಬೀದಿಗಿಳಿದಿದ್ದರು. ಪ್ರತಿ ಸಲವೂ ಯಾವುದೋ ಸಮಿತಿಯ ಮೇಜಿನ ಸುತ್ತ ಕೂತ ಹತ್ತಾರು ಮಂದಿ ಹೌದು ಅಥವಾ ಇಲ್ಲ ಎನ್ನಬೇಕಿತ್ತು. 1951ರ ನವೆಂಬರ್‌ನಲ್ಲೂ ಯಾರೋ ಹಾಗೆ ಕೂತಿದ್ದರು, ಹೌದು ಎನ್ನಬಹುದಿತ್ತು, ಅನ್ನಲಿಲ್ಲ. ಈ ಪ್ರಕರಣವನ್ನು ಓದುವವರೆಲ್ಲ ಆಟಗಾರರ ಕೋಣೆಯನ್ನೇ ನೋಡುತ್ತಾರೆ. ನನಗೆ ಆ ಇನ್ನೊಂದು ಕೋಣೆಯೊಳಗೆ ಹೋಗುವ ಆಸೆ. ಅಲ್ಲಿಯವರು ಬಹುಶಃ ಯಾರೂ ತಮ್ಮನ್ನು ಕೆಟ್ಟವರೆಂದುಕೊಂಡಿರಲಿಲ್ಲ. ಟಿಕೆಟ್ ಮಾರಬೇಕು, ಊರಿನವರನ್ನು ಎದುರುಹಾಕಿಕೊಳ್ಳಬಾರದು, ಈ ವರ್ಷ ಹೇಗೋ ಸುಸೂತ್ರವಾಗಿ ಮುಗಿಯಲಿ ಎಂಬಷ್ಟೇ ಇದ್ದಿರಬೇಕು. ಇಂಥ ನಿರ್ಧಾರಗಳು ಹೆಚ್ಚಾಗಿ ಆಗುವುದು ಹಾಗೆಯೇ.

ತಂಡ ನಡೆಸುವವರು, ಸಂಸ್ಥೆ ನಡೆಸುವವರು ಈ ಪ್ರಕರಣವನ್ನು ಓದುವಾಗ ತಮ್ಮನ್ನು ಆ ಹುಡುಗರ ಜಾಗದಲ್ಲಿಟ್ಟು ನೋಡಿಕೊಳ್ಳುವುದು ಸಹಜ. ಒಮ್ಮೆ ಸಮಿತಿಯ ಕುರ್ಚಿಯಲ್ಲೂ ಕೂತು ನೋಡಿ. ನೀವು ಬಾಯಿಮಾತಿನಲ್ಲಷ್ಟೇ ಹೇಳಿ ಕಾಗದಕ್ಕೆ ಇಳಿಸದ ಷರತ್ತು ಯಾವುದು? ‘ಪಟ್ಟಿ ದುರ್ಬಲ’ ಎಂಬಂಥ ಅರ್ಧ ನಿಜದ ಕಾರಣವನ್ನು ಯಾವಾಗ ಮುಂದೆ ಮಾಡಿದಿರಿ? ಬಾಧಿತನೇ ‘ಪರವಾಗಿಲ್ಲ ಬಿಡಿ’ ಎಂದಾಗ ನಿಟ್ಟುಸಿರು ಬಿಟ್ಟು ಮುಂದಿನ ವಿಷಯಕ್ಕೆ ಹೋದದ್ದುಂಟೇ?

ಆಮೇಲೆ

ಓಟಗಾರ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ತಂದ. ಆ ಒಂದೇ ತಂಡದ ಮೂವರು ಆಟಗಾರರು ಮುಂದೆ ವೃತ್ತಿಪರ ಫುಟ್‌ಬಾಲ್‌ನ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಪ್ರಚಾರದ ಯುವಕ 1960ರಲ್ಲಿ ಎನ್‌ಎಫ್‌ಎಲ್‌ನ ಕಮಿಷನರ್, ಅಂದರೆ ಮುಖ್ಯಸ್ಥ, ಆದ.

ಲೈನ್‌ಬ್ಯಾಕರ್‌ನ ದಾರಿ ಬೇರೆಯಾಯಿತು. ವೃತ್ತಿಪರ ತಂಡ ಅವನನ್ನು ಆರಿಸಿತ್ತು, ಆದರೆ 1952ರ ಬೇಸಿಗೆಯಲ್ಲಿ ಆಡಿದ ಆಲ್‌ಸ್ಟಾರ್ ಪಂದ್ಯದಲ್ಲಿ ಮೊಣಕಾಲು ಹೋಯಿತು. ಅಲ್ಲಿಗೆ ಆಟ ಮುಗಿಯಿತು. ಆತ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಮೇಷ್ಟರಾದ, ಆಮೇಲೆ ಮುಖ್ಯೋಪಾಧ್ಯಾಯನಾದ. 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ಪಂದ್ಯಾಧಿಕಾರಿಯಾಗಿ ಪಟ್ಟೆಪಟ್ಟೆ ಅಂಗಿ ತೊಟ್ಟ. ವಾರವೆಲ್ಲ ಶಾಲೆ, ವಾರಾಂತ್ಯಕ್ಕೆ ಮೈದಾನ.

1980ರ ಜನವರಿ 20. ಎನ್‌ಎಫ್‌ಎಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್, ಹದಿನಾಲ್ಕನೆಯದು, ಪಿಟ್ಸ್‌ಬರ್ಗ್ ಮತ್ತು ಲಾಸ್ ಏಂಜಲಿಸ್ ನಡುವೆ. ನೋಡಲು ಬಂದವರು 1,03,985 ಮಂದಿ. ಚೆಂಡು ನಿಂತ ಗೆರೆಯನ್ನು ಕಾಯುವ ಹೆಡ್ ಲೈನ್ಸ್‌ಮನ್ ಸ್ಥಾನದಲ್ಲಿ ಐವತ್ತು ದಾಟಿದ ಈ ಮೇಷ್ಟರು. ಕಮಿಷನರ್ ಕುರ್ಚಿಯಲ್ಲಿ ಅಂದಿನ ಪ್ರಚಾರದ ಯುವಕ. ಪಂದ್ಯ ನಡೆದದ್ದು ಪಾಸಡೇನಾದಲ್ಲಿ, ರೋಸ್ ಬೌಲ್ ಹುಲ್ಲಿನ ಮೇಲೆ.